ಘಾಟ್ ಬಂದ್ ಆದರೆ ಕಾಯಿಪಲ್ಲೆ ಎಲ್ಲಿಗೆ?

ಬೆಳಗಾವಿ ಸುತ್ತಲಿನ ಹೊಲಗಳ ಕೊತ್ತಂಬರಿ, ಮೆಂತ್ಯ, ಕೋಸು ನಗರದ ಸಗಟು ಪೇಟೆಗೆ ಬಂದು ಇಳಿಯುತ್ತವೆ. ಅದರಲ್ಲಿ ಒಂದು ಪಾಲು ಶಿವಬಸವ ನಗರದಂಥ ಬಡಾವಣೆಗಳ ಅಡುಗೆಮನೆ ಸೇರಿದರೆ, ಇನ್ನೊಂದು ಪಾಲು ಗೋವಾಕ್ಕೆ ಹೊರಡುತ್ತದೆ. ಗೋವಾ ತನಗೆ ಬೇಕಾದ ಕಾಯಿಪಲ್ಲೆಗೆ ಹೆಚ್ಚಾಗಿ ನಂಬಿರುವುದು ಬೆಳಗಾವಿಯನ್ನೇ.

ಅಲ್ಲಿಗೆ ಮುಖ್ಯ ದಾರಿಗಳು ಎರಡು. ಜಾಂಬೋಟಿ, ಕಣಕುಂಬಿ ಮೇಲಿಂದ ಚೋರ್ಲಾ ಘಾಟ್. ಖಾನಾಪುರ, ಲೋಂಡಾ ಮೇಲಿಂದ ಅನ್ಮೋಡ್ ಘಾಟ್. ಒಂದು ಮುಚ್ಚಿದರೆ ಇನ್ನೊಂದಿದೆ ಎಂಬ ಧೈರ್ಯ ಬೇಸಿಗೆಗೆ ಸರಿ. ಆದರೆ ಎರಡೂ ಸಹ್ಯಾದ್ರಿಯ ಮಳೆಗಾಡಿನಲ್ಲೇ ಹಾಯ್ದಿವೆ. ಗುಡ್ಡ ಕುಸಿಯುವಂಥ ಮಳೆ ಒಂದೇ ಹೊತ್ತಿಗೆ ಎರಡರ ಮೇಲೂ ಸುರಿಯಬಹುದು. ರೈಲುಮಾರ್ಗಕ್ಕೂ ಇದೇ ಪಾಡು. 2021ರ ಜುಲೈ 23ರಂದು ದೂಧಸಾಗರ–ಸೋನಾವಳಿ ನಡುವೆ ಗುಡ್ಡ ಕುಸಿದು, ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ರೈಲು ಹಳಿ ತಪ್ಪಿತು.

ಘಾಟ್ ಅಲ್ಲದ ಹೆದ್ದಾರಿಯೂ ಮಳೆಗೆ ಹೊರತಲ್ಲ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರದ ಬಳಿ ಪುಣೆ–ಬೆಂಗಳೂರು ಹೆದ್ದಾರಿ ನೀರಿನಡಿ ಹೋಯಿತು. ಸಾವಿರಾರು ಲಾರಿಗಳು ದಿನಗಟ್ಟಲೆ ನಿಂತವು, ಗೋವಾದಲ್ಲಿ ಹಾಲಿಗೂ ಕೊರತೆಯಾಯಿತು.

ಇಂಥ ದಿನ ಕೊತ್ತಂಬರಿಯ ಗತಿ ನೋಡಬೇಕು. ಕಿತ್ತು, ಬೇರಿನ ಮಣ್ಣು ತೊಳೆದು, ಕಟ್ಟು ಕಟ್ಟಿ ಒದ್ದೆ ಗೋಣಿ ಹೊದಿಸಿದ ಸೊಪ್ಪು ಒಂದೆರಡು ದಿನದಲ್ಲಿ ಹಳದಿ ತಿರುಗುತ್ತದೆ. ಘಾಟ್ ಬಂದ್ ಆದರೆ ಮಾಲೆಲ್ಲ ಬೆಳಗಾವಿಯಲ್ಲೇ ಉಳಿದು ದರ ಕುಸಿಯುತ್ತದೆ, ಪಣಜಿಯಲ್ಲಿ ಏರುತ್ತದೆ. ಕೀಳುವ ಕೂಲಿ, ಟೆಂಪೋ ಬಾಡಿಗೆ ಆಗಲೇ ಕೊಟ್ಟ ರೈತನಿಗೆ ಎರಡೂ ಕಡೆಯಿಂದ ಪೆಟ್ಟು. ಇದು ಅನ್ಯಾಯದ ಲೆಕ್ಕ: ಅಪಾಯ ದಾರಿಯದು, ನಷ್ಟ ಹೊಲದ್ದು.

ದಾರಿ ಕಟ್ಟುವುದು ಮಳೆಯೊಂದೇ ಅಲ್ಲ. 2020ರ ಮಾರ್ಚ್‌ನಲ್ಲಿ ರಸ್ತೆಗೆ ಏನೂ ಆಗಿರಲಿಲ್ಲ. ಲಾಕ್‌ಡೌನ್ ಆದೇಶ ಅಗತ್ಯ ವಸ್ತುಗಳಿಗೆ ವಿನಾಯಿತಿಯನ್ನೂ ಕೊಟ್ಟಿತ್ತು. ಆದರೂ ಗೋವಾದ ಗಡಿಯಲ್ಲಿ ಗಾಡಿಗಳು ತಡೆದು ನಿಂತವು. ಢಾಬಾ ಮುಚ್ಚಿದ್ದರಿಂದ ಚಾಲಕನಿಗೆ ಊಟವಿಲ್ಲ, ಮಾಲು ಇಳಿಸಲು ಹಮಾಲರಿಲ್ಲ. ಸರಬರಾಜು ಸರಪಳಿಯ ಕೊಂಡಿ ಎಂದರೆ ಈ ಜನ.

ಹಾಗಾದರೆ ಮಾಡಬಹುದಾದ್ದೇನು? ಆಲೂಗಡ್ಡೆಗೆ ಶೀತಲಗೃಹ ಆದೀತು. ಗೆಣಸು ನಾಲ್ಕು ದಿನ ತಡೆದೀತು. ಸೊಪ್ಪಿಗೆ ಬೇಕಾದದ್ದು ಬೇರೆಯೇ: ಹುಬ್ಬಳ್ಳಿ–ಧಾರವಾಡದ ಕಡೆ ಮೊದಲೇ ಗೊತ್ತುಮಾಡಿಕೊಂಡ ಖರೀದಿದಾರ, ಮತ್ತು ಹೊತ್ತಿಗೆ ಸರಿಯಾಗಿ ಬರುವ ಸುದ್ದಿ. ನಾಳೆ ಎಷ್ಟು ಕೀಳಬೇಕೆಂದು ರೈತ ನಿರ್ಧರಿಸುವುದು ಹಿಂದಿನ ದಿನವೇ. ಹವಾಮಾನ ಇಲಾಖೆಯ ಎಚ್ಚರಿಕೆಯೂ ಘಾಟ್ ಮುಚ್ಚುವ ಆದೇಶವೂ ಅಷ್ಟರೊಳಗೆ ಅವನ ಮೊಬೈಲಿಗೆ ತಲುಪಿದರೆ, ಸೊಪ್ಪು ಇನ್ನೆರಡು ದಿನ ಹೊಲದಲ್ಲೇ ಹಸಿರಾಗಿ ಇರಬಲ್ಲದು.