ಮೂಗು ತಿದ್ದಿಸಿಕೊಳ್ಳುವ ಮುನ್ನ

 



ಹಿಂದೆ ನಮ್ಮ ಬಳಿ ತಲಾಖ್, ಆಸ್ತಿ ಪಾಲು, ಝಕಾತ್‌ನ ಮಸಲಾ ಕೇಳಲು ಬರುತ್ತಿದ್ದರು. ಈಗ ಹೊಸದೊಂದು ಸೇರಿಕೊಂಡಿದೆ. ದುರ್ಗದವರಷ್ಟೇ ಅಲ್ಲ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರೂ ಕೇಳುತ್ತಾರೆ: ‘ಹಜ್ರತ್, ಮಗಳ ಮೂಗನ್ನು ಆಪರೇಷನ್ ಮಾಡಿಸಿ ಸರಿ ಮಾಡಿಸಬಹುದಾ? ಜಾಯಿಝಾ, ಹರಾಮಾ?’ ಅವರಿಗೆ ಒಂದೇ ಮಾತಿನ ಉತ್ತರ ಬೇಕು. ನಾವು ತಿರುಗಿ ಕೇಳುತ್ತೇವೆ: ಮೂಗಿಗೆ ಏನಾಗಿದೆ?

ಸಹಾಬಿ ಅರ್ಫಜಾ ಬಿನ್ ಅಸ್‌ಅದ್(ರ) ಇಸ್ಲಾಮಿಗೆ ಮುಂಚಿನ ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಮಾಡಿಸಿ ಹಾಕಿಕೊಂಡರು, ಅದು ವಾಸನೆ ಬರತೊಡಗಿತು. ಆಗ ಪ್ರವಾದಿ(ಸ)ಯವರು ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಹೇಳಿದರು. ಅಬೂದಾವೂದ್, ತಿರ್ಮಿದಿಗಳಲ್ಲಿ ಈ ವಿವರವಿದೆ. ಗಂಡಸರಿಗೆ ಚಿನ್ನ ಹರಾಮ್ ಎಂಬುದು ಮಕ್ಕಳಿಗೂ ಗೊತ್ತು. ಆದರೂ ಕಳೆದುಹೋದ ಮೂಗಿಗಾಗಿ ಆ ನಿಷೇಧವೇ ಸಡಿಲವಾಯಿತು.

ಇನ್ನೊಂದು ಕಡೆ, ಅಲ್ಲಾಹನ ಸೃಷ್ಟಿಯನ್ನು ಬದಲಿಸುವಂತೆ ಪ್ರೇರೇಪಿಸುವುದು ಶೈತಾನನ ಕೆಲಸವೆಂದು ಸೂರಃ ನಿಸಾದ 119ನೇ ಆಯತ್ ಎಚ್ಚರಿಸುತ್ತದೆ. ಅಂದಕ್ಕಾಗಿ ಹಲ್ಲು ಅರೆಯಿಸಿ ಸಂದು ಮಾಡಿಸಿಕೊಳ್ಳುವವರ ಮೇಲಿನ ಶಾಪವೂ ಸಹೀಹ್ ಹದೀಸಿನಲ್ಲಿದೆ. ಎರಡನ್ನೂ ಮುಂದಿಟ್ಟುಕೊಂಡು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಉಲಮಾಗಳು 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿ ನಿರ್ಣಯ ಕೊಟ್ಟರು. ಸೀಳು ತುಟಿ, ತೀರಾ ಸೊಟ್ಟಗಿರುವ ಮೂಗು, ಸುಟ್ಟ ಅಥವಾ ಅಪಘಾತದ ಗಾಯ, ಇವನ್ನು ಸರಿಪಡಿಸಬಹುದು. ನೆಟ್ಟಗಿರುವ ಮುಖವನ್ನು ಬರೀ ಆಸೆಗಾಗಿ, ಇನ್ನೊಬ್ಬರಂತೆ ಕಾಣುವುದಕ್ಕಾಗಿ ಬದಲಿಸುವುದು ಸಲ್ಲದು.

ಈ ವಿದ್ಯೆ ಪಶ್ಚಿಮದಿಂದ ಬಂದ ಫ್ಯಾಷನ್ ಎಂದು ಕೆಲವರು ಮೂಗು ಮುರಿಯುತ್ತಾರೆ. ಹಾಗಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗು ಮತ್ತು ಒಂದು ಕೈಯನ್ನು ಕತ್ತರಿಸಲಾಯಿತು. (ಯುದ್ಧದ ಕ್ರೌರ್ಯ ಯಾರು ಮಾಡಿದರೂ ಕ್ರೌರ್ಯವೇ, ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ.) ಮುಂದೆ ಪುಣೆಯ ಬಳಿ ಇಟ್ಟಿಗೆ ಕೆಲಸದ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನು ಎಬ್ಬಿಸಿ, ಕೆಳಗೆ ತಿರುಗಿಸಿ, ಹೊಸ ಮೂಗು ಕಟ್ಟಿದ. ಆ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಅಲ್ಲಿ ಅದೇ ರೀತಿ ಮಾಡಿದರು. ಹಣೆಯ ಚರ್ಮ ತೆಗೆಯುವ ಆ ಪದ್ಧತಿ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಹೆದ್ದಾರಿಯ ಅಂಚಿನಲ್ಲಿ ಬದುಕುವ ನಮಗೆ ಒಂದು ಮಾತು ತುರ್ತಾಗಿ ಗೊತ್ತಿರಬೇಕು. ಬೈಕಿನಿಂದ ಬಿದ್ದು ಮೂಗಿಗೆ ಪೆಟ್ಟಾದರೆ ‘ಊತ ಇಳಿಯಲಿ, ನೋಡೋಣ’ ಎಂದು ಕೂರಬೇಡಿ. ಮೂಗಿನ ನಡುಗೋಡೆಯಲ್ಲಿ ರಕ್ತ ತುಂಬಿಕೊಂಡರೆ ಬೇಗನೆ ತೆಗೆಸಬೇಕು, ಇಲ್ಲವಾದರೆ ಒಳಗಿನ ಮೆದುಮೂಳೆ ಸತ್ತು ಮೂಗು ಕುಸಿಯುತ್ತದೆ. ಮುರಿದ ಮೂಳೆಯನ್ನು ಕೂಡಿಸುವುದು ಮೊದಲ ಎರಡು ವಾರದೊಳಗೆ ಸುಲಭ. ಮಕ್ಕಳಿಗೆ ಇನ್ನೂ ಬೇಗ. ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ನಡುಗೋಡೆ ಡೊಂಕಾಗಿ ಉಸಿರು ಕಟ್ಟುವವರದ್ದೂ ಚಿಕಿತ್ಸೆಯೇ, ಸಂಕೋಚ ಬೇಡ. ಸರ್ಕಾರದ ಯೋಜನೆಯಲ್ಲಿ ಸಿಗುತ್ತದೆಯೇ ಎಂದು ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲು ವಿಚಾರಿಸಿ.

ಉಳಿದದ್ದು ಅಂದದ ಮಾತು. ಫೋನನ್ನು ಒಂದಡಿ ದೂರದಲ್ಲಿ ಹಿಡಿದು ತೆಗೆದ ಸೆಲ್ಫಿಯಲ್ಲಿ ಮೂಗು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಮಕ್ಕಳು ದ್ವೇಷಿಸುತ್ತಿರುವುದು ಎಷ್ಟೋ ಸಲ ಕ್ಯಾಮೆರಾದ ಮೂಗನ್ನು. ಹದಿಹರೆಯದಲ್ಲಿ ಮೂಗು ಇನ್ನೂ ಬೆಳೆಯುತ್ತಿರುತ್ತದೆ, ಆಗ ಒಳ್ಳೆಯ ವೈದ್ಯರು ಕತ್ತಿ ಮುಟ್ಟುವುದಿಲ್ಲ. ಮಾಡಿಸಿದರೂ ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು, ಕೆಲವರಿಗೆ ಎರಡನೇ ಆಪರೇಷನ್ ಕೂಡ. ‘ಕತ್ತಿಯೇ ಬೇಡ, ಬರೀ ಇಂಜೆಕ್ಷನ್’ ಎನ್ನುವ ಪಾರ್ಲರ್‌ಗಳಿಂದ ದೂರವಿರಿ. ಮೂಗಿಗೆ ಚುಚ್ಚಿದ ಫಿಲ್ಲರ್ ರಕ್ತನಾಳಕ್ಕೆ ಹೋಗಿ ಕಣ್ಣೇ ಹೋದವರಿದ್ದಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಆಪರೇಷನ್ನಿನ ನಂತರ ತೀರಿಕೊಂಡರು. ಹೆತ್ತವರಿಗೆ ಮೊದಲೇ ತಿಳಿದಿರಲಿಲ್ಲವೆಂದು ಪತ್ರಿಕೆಗಳು ಬರೆದವು. ಆದ್ದರಿಂದ ಮಕ್ಕಳು ಈ ಮಾತೆತ್ತಿದರೆ ಗದರಿಸಬೇಡಿ. ಗದರಿಸಿದರೆ ಕದ್ದು ಮಾಡಿಸುತ್ತಾರೆ.

ಆದರೆ ನಮ್ಮ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಸ್ವಂತ ಆಸೆ ಇರುವುದಿಲ್ಲ. ರಿಷ್ತಾ ನೋಡಲು ಬಂದವರು ಬಿರಿಯಾನಿ ತಿಂದು, ಹೋಗುವಾಗ ‘ಹುಡುಗಿ ಪರವಾಗಿಲ್ಲ, ಮೂಗು ಸ್ವಲ್ಪ ದಪ್ಪ’ ಎಂದಿರುತ್ತಾರೆ. ಮೂರು ಮನೆಯವರು ಹಾಗೆಂದರೆ ನಾಲ್ಕನೆಯವರು ಬರುವುದರೊಳಗೆ ಅಪ್ಪ ಬಡ್ಡಿ ಸಾಲ ಹುಡುಕುತ್ತಿರುತ್ತಾನೆ. ಸಫಿಯ್ಯಾ(ರ)ರ ಕುಳ್ಳಗಿನ ಮೈಕಟ್ಟಿನ ಬಗ್ಗೆ ಆಯಿಶಾ(ರ) ಒಮ್ಮೆ ಆಡಿದ ಸಣ್ಣ ಮಾತನ್ನೇ ಪ್ರವಾದಿ(ಸ)ಯವರು ಸಹಿಸಲಿಲ್ಲ. ಸಮುದ್ರದ ನೀರನ್ನೇ ಕೆಡಿಸುವಷ್ಟು ಕೆಟ್ಟ ಮಾತು ಅದು ಎಂದು ತಿಳಿಹೇಳಿದರು. ಇಲ್ಲಿ ಕುಳಿತಿರುವ ಗಂಡುಮಕ್ಕಳ ಅಪ್ಪಂದಿರೇ, ಸಂಬಂಧ ಒಲ್ಲದಿದ್ದರೆ ‘ನಸೀಬು ಕೂಡಲಿಲ್ಲ’ ಎಂದು ಎದ್ದು ಬನ್ನಿ. ಅಷ್ಟು ಸಾಕು. ಮೂಗು, ಬಣ್ಣ, ಎತ್ತರದ ಸುದ್ದಿ ಆ ಮನೆಯೊಳಗೆ ಬಿಟ್ಟು ಬರಬೇಡಿ. ಒಬ್ಬ ಹುಡುಗಿ ಆಪರೇಷನ್ ಟೇಬಲ್ಲಿನ ಮೇಲೆ ಮಲಗುವುದಕ್ಕೆ ನಿಮ್ಮ ಮಾತು ಕಾರಣವಾದರೆ, ನಾಳೆ ಹಿಸಾಬು ಕೊಡಬೇಕಾದವರು ನೀವು. ಅವಳ ಮಸಲಾ ಕೇಳಲು ನಮ್ಮ ಬಳಿ ಬರುವ ಮೊದಲು ನಿಮ್ಮದನ್ನು ಕೇಳಬೇಕಿತ್ತು.

ಚಿಕಿತ್ಸೆಗಾಗಿ ಮೂಗಿನ ಆಪರೇಷನ್ ಆದವರು ನಮಾಝ್ ಬಿಡಬೇಕಿಲ್ಲ. ಪಟ್ಟಿ ಇರುವಷ್ಟು ದಿನ ವುಝೂದಲ್ಲಿ ಮೂಗಿಗೆ ನೀರೆಳೆಯಬೇಡಿ, ಪಟ್ಟಿಯ ಮೇಲೆ ಒದ್ದೆ ಕೈಯಿಂದ ಮಸಹ್ ಮಾಡಿದರೆ ಸಾಕು. ಬಗ್ಗಬಾರದೆಂದು ವೈದ್ಯರು ಹೇಳಿದ್ದರೆ ಕುಳಿತು, ತಲೆಯನ್ನು ತುಸು ಬಾಗಿಸಿ ಇಶಾರೆಯಿಂದ ಸಜ್ದಾ ಮಾಡಿ. ನಮ್ಮ ಹನಫೀ ಮಝ್‌ಹಬಿನಲ್ಲಿ ಮೂಗಿಗೆ ಹಾಕಿದ ಔಷಧಿ ಗಂಟಲಿಗಿಳಿದರೆ ರೋಝಾ ಮುರಿಯುತ್ತದೆ. ಆದ್ದರಿಂದ ಅವಸರವಿಲ್ಲದ ಆಪರೇಷನ್ ಆದರೆ ರಮಝಾನ್ ಕಳೆದ ಮೇಲೆ ದಿನ ಗೊತ್ತುಮಾಡಿಕೊಳ್ಳಿ.