ಮಕ್ಕಳ ಆನ್‌ಲೈನ್ ಸುರಕ್ಷತೆ: ಶಿಕ್ಷೆ ಮತ್ತು ಹೊಣೆ

ಅಂತರ್ಜಾಲದಲ್ಲಿ ಮಕ್ಕಳಿಗಾಗುವ ಹಾನಿಯನ್ನು ಕಾನೂನು ಎರಡು ಬಗೆಯಲ್ಲಿ ತಡೆಯುತ್ತದೆ: ಹಾನಿ ಮಾಡಿದವರನ್ನು ಶಿಕ್ಷಿಸುವುದು ಒಂದು, ಹಾನಿಗೆ ಎಡೆಯಾಗದಂತೆ ಸೇವೆ ರೂಪಿಸುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸುವುದು ಇನ್ನೊಂದು. ಭಾರತ ಮೊದಲನೆಯದರಲ್ಲಿ ಬಹುದೂರ ಸಾಗಿದೆ. ಎರಡನೆಯದು ಇನ್ನೂ ಆರಂಭದಲ್ಲಿದೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿ 67ಬಿ ಸೆಕ್ಷನ್ ಸೇರಿಸಿತು. ಮಕ್ಕಳ ಲೈಂಗಿಕ ಚಿತ್ರಗಳನ್ನು ತಯಾರಿಸುವುದು, ಹುಡುಕುವುದು, ಹಂಚುವುದು ಇದರಡಿ ಅಪರಾಧ. ಮೊದಲ ಬಾರಿಗೆ 5 ವರ್ಷದವರೆಗೆ ಸೆರೆವಾಸ, 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ, ನಿಜವಾದ ಮಗುವಿನದೇ ಎನಿಸುವ ಕಂಪ್ಯೂಟರ್ ನಿರ್ಮಿತ ಚಿತ್ರವನ್ನೂ ವ್ಯಾಖ್ಯೆಯೊಳಗೆ ತಂದಿತು. ಹೀಗಾಗಿ ಕೃತಕ ಬುದ್ಧಿಮತ್ತೆಯಿಂದ ತಯಾರಾದ ಅಂಥ ಚಿತ್ರಗಳೂ ಕಾನೂನಿನ ಹಿಡಿತಕ್ಕೆ ಸಿಗುತ್ತವೆ. ಮಕ್ಕಳ ಲೈಂಗಿಕ ಚಿತ್ರಗಳನ್ನು ಹಂಚದೆ ಇಟ್ಟುಕೊಂಡಿದ್ದರೂ ಅದು ಅಪರಾಧವಾಗಬಹುದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ತೀರ್ಪಿತ್ತಿತು.

ಆದರೆ ಶಿಕ್ಷೆ ಬರುವುದು ಮಗು ನೊಂದ ಮೇಲೆ. ಮೊದಲೇ ತಡೆಯುವ ಯತ್ನ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಕ್ಕಳ ವರ್ತನೆಯನ್ನು ಗಮನಿಸುತ್ತ ಹೋಗುವುದಕ್ಕೆ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೆ ನಿಷೇಧವಿದೆ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳ ಜಾರಿಗೆ 18 ತಿಂಗಳ ಕಾಲಾವಕಾಶವಿದೆ.

ಒಪ್ಪಿಗೆಯೊಂದೇ ಸಾಲದು. ಮನೆಮಂದಿಯೆಲ್ಲ ಬಳಸುವ ಒಂದೇ ಮೊಬೈಲಿನಲ್ಲಿ ಯಾರ ಒಪ್ಪಿಗೆ ಯಾರಿಗಾಗಿ ಎಂದು ತಿಳಿಯುವುದು ಕಷ್ಟ. ಓದುಬರಹ ಬಾರದ ತಂದೆತಾಯಿಗೆ ತಾವು ಒಪ್ಪಿದ್ದೇನೆಂಬುದೇ ಗೊತ್ತಾಗದೆ ಹೋಗಬಹುದು. ಒಪ್ಪಿಗೆ ಸಿಕ್ಕ ಮೇಲೂ, ಬಿಡದೆ ನೋಡಿಸುವ ವಿಡಿಯೊ ಸಾಲು, ಗೆಳೆಯನಂತೆ ಮಾತಾಡುವ ಚಾಟ್‌ಬಾಟ್ ಹಾಗೆಯೇ ಉಳಿಯುತ್ತವೆ. ಭಾರ ಮಾತ್ರ ಕಂಪನಿಯಿಂದ ಮನೆಗೆ ದಾಟುತ್ತದೆ.

ಬ್ರಿಟನ್ನಿನ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆ ಈ ಭಾರವನ್ನು ಕಂಪನಿಗೇ ವಹಿಸುತ್ತದೆ. ಮಕ್ಕಳು ಬಳಸುವ ಸಾಧ್ಯತೆಯಿರುವ ಸೇವೆಗಳು ಅಪಾಯವನ್ನು ತಾವೇ ಅಳೆದು ತಗ್ಗಿಸಬೇಕು. ತಪ್ಪಿದರೆ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 1.8 ಕೋಟಿ ಪೌಂಡ್ ಅಥವಾ ಜಾಗತಿಕ ಆದಾಯದ ಶೇ 10, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ಹಾಕಬಹುದು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿರ್ಬಂಧಿಸಿದೆ. ಅಲ್ಲಿಯೂ ದಂಡ ಕಂಪನಿಗೆ, ಮಗುವಿಗಾಗಲಿ ಪೋಷಕರಿಗಾಗಲಿ ಅಲ್ಲ.

ಭಾರತಕ್ಕೆ ಈಗ ಬೇಕಿರುವುದು ಇದೇ ಬಗೆಯ ಹೊಣೆಗಾರಿಕೆ: ಚಾಟ್‌ಬಾಟ್ ಬಿಡುಗಡೆಗೆ ಮುನ್ನ ಮಕ್ಕಳ ದೃಷ್ಟಿಯಿಂದ ಪರೀಕ್ಷೆ, ಗುರುತಿನ ದಾಖಲೆ ಕೂಡಿಡದ ವಯಸ್ಸಿನ ತಪಾಸಣೆ, ಮಗು ತನ್ನ ಭಾಷೆಯಲ್ಲೇ ದೂರು ಕೊಡುವ ವ್ಯವಸ್ಥೆ. ಮಕ್ಕಳ ಸಹಾಯವಾಣಿ 1098 ಮತ್ತು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇಂದಿಗೂ ದೂರು ಪಡೆಯುತ್ತಿವೆ. ಅಲ್ಲಿಗೆ ಬರುವ ದೂರುಗಳನ್ನು ಕಡಿಮೆ ಮಾಡುವುದು ಕಂಪನಿಗಳ ಕೆಲಸ; ಆ ಕೆಲಸ ಮಾಡಿಸುವುದು ಸರ್ಕಾರದ ಕರ್ತವ್ಯ.