ಮಂತ್ರಿ ಹೊರಡುವ ಮುಂಚೆ



ಡೆನ್ಮಾರ್ಕ್ ಅಂದ್ರೆ ನಮ್ಮ ಹಾಗೇ ಹಾಲಿನ ಸಂಘ ಕಟ್ಟಿದ ರೈತರ ದೇಶ. ಅಲ್ಲಿನ ಮೊದಲ ಸಹಕಾರಿ ಡೇರಿ ಶುರುವಾಗಿದ್ದು 1882ರಲ್ಲಿ. 1973ರಲ್ಲಿ ಆ ದೇಶ ಯುರೋಪಿನ ಆರ್ಥಿಕ ಸಮುದಾಯ ಸೇರಿತು. ಅಂದಿನಿಂದ ರೈತರ ಸಹಾಯಧನದಂಥ ವಿಷಯಗಳು ಯುರೋಪಿನ ಮಂತ್ರಿಗಳೆಲ್ಲ ಕೂಡುವ ಸಭೆಯಲ್ಲಿ ತೀರ್ಮಾನವಾಗುತ್ತವೆ. ಹಾಗಂತ ಡೆನ್ಮಾರ್ಕಿನ ಮಂತ್ರಿ ತಮಗೆ ತೋಚಿದ್ದಕ್ಕೆ ಒಪ್ಪಿ ಬರೋ ಹಾಗಿಲ್ಲ. ಮುಖ್ಯ ವಿಷಯವಾದರೆ ಹೊರಡುವ ಮುಂಚೆಯೇ ಸಂಸತ್ತಿನ ಯುರೋಪ್ ಸಮಿತಿಯ ಎದುರು ಕೂತು ಉತ್ತರ ಕೊಡಬೇಕು. ‘ಅಲ್ಲಿ ಏನು ಹೇಳ್ತೀರಿ? ಬೊಕ್ಕಸಕ್ಕೆ ಎಷ್ಟು ಹೊರೆ?’ ಅಂತ ಸದಸ್ಯರು ಕೇಳ್ತಾರೆ. ಬಹುಮತ ಬೇಡವೆಂದರೆ ಆ ನಿಲುವು ಅಲ್ಲಿಗೇ ನಿಂತಿತು. ಅಲ್ಪಮತದ ಸರ್ಕಾರಗಳೇ ಜಾಸ್ತಿ ಇರೋ ದೇಶ ಅದು. ಮಂತ್ರಿಗೆ ತಪ್ಪಿಸಿಕೊಳ್ಳೋದಕ್ಕೂ ದಾರಿಯಿಲ್ಲ!

ನಾವೋ, ಖರ್ಚಾದ ಮೇಲೆ ಮಹಾಸಭೆಯಲ್ಲಿ ಲೆಕ್ಕ ಕೇಳಿ, ಉಪ್ಪಿಟ್ಟು ತಿಂದು ಕೈ ಎತ್ತುತ್ತೇವೆ. ಈ ವರ್ಷ ಸಂಘದ ಹೊಸ ಕಟ್ಟಡದ ವಿಷಯ ಬರ್ತದೆ. ಸಹಿ ಬೀಳೋ ಮುಂಚೆ ನಿರ್ದೇಶಕರಾದ ನಮ್ಮನ್ನು ಕೂರಿಸಿ ಕೇಳಿ.